ದುಬೈಗೆ ಮಕ್ಕಳ ಮನೆಗೆ ಹೋಗ್ತೀರಾ? ಹಳೇ ಪೇಟೆ ನೋಡುವುದು ಹೀಗೆ

ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯಿಂದ ವಿಸಿಟ್ ವೀಸಾದಲ್ಲಿ ಮಗನ ಮನೆಗೋ ಮಗಳ ಮನೆಗೋ ದುಬೈಗೆ ಹೋಗುವ ಅಪ್ಪ ಅಮ್ಮಂದಿರು ಈಗ ತುಂಬಾ ಜನ. ಹೆಚ್ಚಿನವರು ಬುರ್ಜ್ ಖಲೀಫಾ, ಎರಡು ಮಾಲ್ ನೋಡಿ ವಾಪಸ್ ಬರ್ತಾರೆ. ಆ ಊರು ಬೆಳೆದದ್ದು ಕ್ರೀಕ್ ಅಂತ ಹೇಳುವ ಹಿನ್ನೀರಿನ ಎರಡು ದಡದಲ್ಲಿ, ಈಚೆ ಬರ್‌ ದುಬೈ, ಆಚೆ ದೇರಾ. ಅದನ್ನು ನೋಡ್ಲಿಕ್ಕೆ ಒಂದು ದಿನ ಸಾಕು, ದುಡ್ಡೂ ಹೆಚ್ಚು ಬೇಡ.

ಮೊದಲು ಬ್ಯಾಗ್ ವಿಷಯ. ಪಾಯಸಕ್ಕೆ ಬೇಕಾಗ್ತದೆ ಅಂತ ಗಸಗಸೆ ಕಟ್ಟಬೇಡಿ, ಅಲ್ಲಿ ಅದು ನಿಷೇಧ. ಎಲೆ ಅಡಿಕೆ ಹಾಕುವ ಅಭ್ಯಾಸ ಇದ್ದವರು ಸಂಚಿ ಮನೇಲೇ ಬಿಟ್ಟು ಹೋಗಿ, ವೀಳ್ಯದೆಲೆಗೂ ಕಸ್ಟಮ್ಸ್‌ನಲ್ಲಿ ಅನುಮತಿ ಇಲ್ಲ. ದಿನಾ ತಗೊಳ್ಳುವ ಮದ್ದು ಇದ್ರೆ ಡಾಕ್ಟರ ಚೀಟಿ ಜೊತೆಗೇ ಇರಲಿ, ಕೋಡೀನ್ ಇರುವಂಥ ಕೆಲವು ಮದ್ದಿಗೆ ಅಲ್ಲಿ ಕಾನೂನು ಬಹಳ ಬಿಗಿ.

ನವೆಂಬರಿಂದ ಮಾರ್ಚ್ ಒಳಗೆ ಹೋಗಿ, ಬೇಸಿಗೆಯಲ್ಲಿ 40 ಡಿಗ್ರಿ ಮೇಲೆ ಹೋಗ್ತದೆ, ನಡೀಲಿಕ್ಕೆ ಆಗುವುದಿಲ್ಲ.

ಹೊರಡುವ ದಿನ ಬೆಳಿಗ್ಗೆ ಬೇಗ ನೋಲ್ ಅನ್ನುವ ಮೆಟ್ರೋ ಟಿಕೆಟ್ ಕಾರ್ಡ್ ತಗೊಂಡು ಮೆಟ್ರೋ ಗ್ರೀನ್ ಲೈನ್‌ನಲ್ಲಿ ಶರಫ್ ಡಿಜಿ ಸ್ಟೇಷನ್‌ಗೆ ಹೋಗಿ ಇಳೀರಿ (ರೈಲಿನೊಳಗೆ ತಿಂಡಿ ಪೊಟ್ಟಣ ಬಿಚ್ಚಬೇಡಿ, ದಂಡ ಹಾಕ್ತಾರೆ). ಅಲ್ಲಿಂದ ಸ್ವಲ್ಪ ನಡೆದ್ರೆ ಅಲ್ ಫಹೀದಿ ಬೀದಿಗಳು ಸಿಗ್ತವೆ, ಇಲ್ಲಿ ಅವಸರ ಬೇಡ. 19ನೇ ಶತಮಾನದ ಕೊನೆಗೆ ಇರಾನಿನ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು ಕಟ್ಟಿದ ಮನೆಗಳು ಇವು. ನಮ್ಮಲ್ಲಿ ಮನೆಗೆ ಮುರಕಲ್ಲು ಇದ್ದ ಹಾಗೆ ಅವರಿಗೆ ಸಮುದ್ರದಿಂದ ತೆಗೆದ ಹವಳದ ಕಲ್ಲು. ಕಲ್ಲಿನೊಳಗೆ ಸಣ್ಣ ಸಣ್ಣ ತೂತು ಇರ್ತದಲ್ಲ, ಹಾಗಾಗಿ ಬಿಸಿ ಬೇಗ ಒಳಗೆ ಬರುವುದಿಲ್ಲ. ಒಂದು ಮನೆ ಮುಂದೆ ನಿಂತು ತಲೆ ಎತ್ತಿ ನೋಡಿ, ಮಾಡಿನ ಮೇಲೆ ಚೌಕದ ಗೋಪುರ ಕಾಣ್ತದೆ, ಅದು ಬರ್ಜೀಲ್. ನಾಲ್ಕೂ ಕಡೆ ಬಾಯಿ ಉಂಟು, ಗಾಳಿ ಯಾವ ಕಡೆಯಿಂದ ಬೀಸಿದ್ರೂ ಹಿಡಿದು ಕೆಳಗಿನ ಕೋಣೆಗೆ ಇಳಿಸ್ತದೆ, ಒಳಗಿನ ಬಿಸಿ ಗಾಳಿ ಇನ್ನೊಂದು ಬದಿಯಿಂದ ಮೇಲೆ ಹೋಗ್ತದೆ. ಕರೆಂಟ್ ಇಲ್ಲದ ಕಾಲದಲ್ಲಿ ಮರುಭೂಮಿಯ ಸೆಕೆಗೆ ಜನ ಕಂಡುಕೊಂಡ ಉಪಾಯ ಇದು, ನನಗಂತೂ ಯಾವ ಎತ್ತರದ ಕಟ್ಟಡಕ್ಕಿಂತಲೂ ಇದೇ ದೊಡ್ಡದು. ಹತ್ತಿರದ ಅಲ್ ಫಹೀದಿ ಕೋಟೆ 1787ರದ್ದು, ಒಳಗೆ ಬಿಡ್ತಾರಾ ಅಂತ ಹೊರಡುವ ಮೊದಲೇ ಮಕ್ಕಳ ಹತ್ರ ನೆಟ್‌ನಲ್ಲಿ ನೋಡಿಸಿ, ಬಾಗಿಲು ಹಾಕಿದ್ರೂ ಹೊರಗಿಂದ ಗೋಡೆ ನೋಡ್ಬಹುದು.

ಆಮೇಲೆ ಬಟ್ಟೆ ಪೇಟೆ ದಾಟಿ ದಕ್ಕೆಗೆ ಬನ್ನಿ, ಅಬ್ರಾ ಅನ್ನುವ ಮರದ ದೋಣಿ ಹತ್ತಿ. ಚಾರ್ಜ್ ಒಂದೇ ದಿರ್ಹಮ್, ಚಿಲ್ಲರೆ ಕೈಯಲ್ಲಿರಲಿ, ಮಂಡಿ ನೋವಿದ್ದವರು ಹತ್ತುವಾಗ ಒಬ್ಬರ ಕೈ ಹಿಡ್ಕೊಳ್ಳಿ. ಆಚೆ ದಡದಲ್ಲಿ ಸಾಲಾಗಿ ನಿಂತ ಉರುಗಳನ್ನು, ಅಂದ್ರೆ ಸಾಮಾನು ಸಾಗಿಸುವ ಮರದ ಹಡಗುಗಳನ್ನು ನೋಡಿ. ಎಣ್ಣೆ ಸಿಗುವ ಮೊದಲು ಈ ಊರು ಬದುಕಿದ್ದು ಮುತ್ತಿನಿಂದ, ಆ ಮುತ್ತು ಹೋಗ್ತಾ ಇದ್ದದ್ದು ಬೊಂಬಾಯಿಗೆ. 1930ರ ದಶಕದಲ್ಲಿ ಜಪಾನಿನ ಸಾಕಿದ ಮುತ್ತು ಬಂದು ಆ ವ್ಯಾಪಾರ ಬಿತ್ತು. ನಮ್ಮ ರೂಪಾಯಿಯೇ ಅಲ್ಲಿ ಚಲಾವಣೆಯಲ್ಲಿತ್ತು, 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫ್‌ಗೆ ಅಂತಲೇ ಬೇರೆ ನೋಟು ತಂದಿತು, 1966ರ ತನಕ ಅದು ನಡೀತು. ಇದು ಗೊತ್ತಿದ್ದು ದೋಣಿಯಲ್ಲಿ ಕೂತ್ರೆ ಊರು ಪರದೇಶ ಅಂತ ಅನ್ನಿಸುವುದಿಲ್ಲ.

ದೇರಾದಲ್ಲಿ ಮಸಾಲೆ ಪೇಟೆ, ಚಿನ್ನದ ಪೇಟೆ. ಮಧ್ಯಾಹ್ನ ತುಂಬಾ ಅಂಗಡಿ ಮುಚ್ಚಿ ಸಂಜೆ ಮತ್ತೆ ತೆಗೀತಾರೆ, ಹಾಗಾಗಿ ಊಟ ಆ ಹೊತ್ತಿಗೆ ಮಾಡಿ. ಭಾಷೆಗೆ ಹೆದರಬೇಡಿ, ಮಲಯಾಳ ಮಾತಾಡಿದ್ರೆ ಹೆಚ್ಚಿನ ಕಡೆ ಕೆಲಸ ಆಗ್ತದೆ. ಕೇಸರಿ ತಗೊಳ್ಳುವುದಾದ್ರೆ ಎರಡು ಮೂರು ಕಡೆ ರೇಟ್ ಕೇಳಿ, ಚೌಕಾಸಿ ಮಾಡಿ, ಅವರಿಗೆ ಬೇಜಾರಿಲ್ಲ. ಹೆಂಗಸರ ಫೋಟೋ ಮಾತ್ರ ಕೇಳದೆ ತೆಗೀಬೇಡಿ. ವಾಪಸ್ ಬರ್ಲಿಕ್ಕೆ ಅಲ್ ರಾಸ್ ಸ್ಟೇಷನ್ ಹತ್ತಿರ.

ಇನ್ನೊಂದು ದಿನ ಸಿಕ್ಕಿದ್ರೆ ಅಬುಧಾಬಿಯ ಶೇಖ್ ಜಾಯೆದ್ ಮಸೀದಿಗೆ ಹೋಗಿ, ಬಿಳಿ ಮಾರ್ಬಲ್‌ನ 82 ಗುಮ್ಮಟ, ಎಲ್ಲ ಧರ್ಮದವರಿಗೂ ಪ್ರವೇಶ ಉಂಟು, ಫ್ರೀ. ಆದ್ರೆ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿರಬೇಕು, ಹೆಂಗಸರು ತಲೆಗೆ ಶಾಲು, ಪೂರ್ತಿ ತೋಳಿನ ಬಟ್ಟೆ ಹಾಕಬೇಕು. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಬಿಟ್ಟು ಬೇರೆ ಟೈಮ್ ಆರಿಸಿಕೊಳ್ಳಿ.