ಎಕ್ಸ್‌ರೇಯಿಂದ ಅಲ್ಟ್ರಾಸೌಂಡ್‌ಗೆ: ಬ್ರಿಟನ್ನಿಗೆ ಹೊರಟಿರುವ ನಮ್ಮವರಿಗೆ

ಬೆಂಗಳೂರಿನ ಆಸ್ಪತ್ರೆಗಳಲ್ಲಿ ಎಕ್ಸ್‌ರೇ, ಸಿಟಿ ಸ್ಕ್ಯಾನ್ ಮಾಡುತ್ತಿರುವ ಹುಡುಗ ಹುಡುಗಿಯರು ಬ್ರಿಟನ್ನಿಗೆ ಹೊರಡುವ ಮೊದಲು ನನ್ನನ್ನು ಕೇಳುವುದು ಒಂದೇ. "ಅಕ್ಕಾ, ಅಲ್ಲಿ ಹೋದ ಮೇಲೆ ಅಲ್ಟ್ರಾಸೌಂಡ್‌ಗೆ ಹೋಗಬಹುದಾ? ಸಂಬಳ ಜಾಸ್ತಿಯಂತೆ, ಅಲ್ವಾ?"

ಹೋಗಬಹುದು. ಸಂಬಳವೂ ಜಾಸ್ತಿಯೇ. ಅಲ್ಲಿನ ಎನ್‌ಎಚ್‌ಎಸ್ ಅಂದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹೊಸ ರೇಡಿಯೋಗ್ರಾಫರ್, ಅಂದರೆ ಎಕ್ಸ್‌ರೇ ತೆಗೆಯುವವರು, ಬ್ಯಾಂಡ್ 5 ಅನ್ನುವ ಸಂಬಳದ ದರ್ಜೆಯಲ್ಲಿ ಸೇರುತ್ತಾರೆ. ತರಬೇತಿ ಮುಗಿಸಿದ ಸೋನೋಗ್ರಾಫರ್, ಅಂದರೆ ಅಲ್ಟ್ರಾಸೌಂಡ್ ಮಾಡುವವರು, ಸಾಮಾನ್ಯವಾಗಿ ಬ್ಯಾಂಡ್ 7ರಲ್ಲಿ ಇರುತ್ತಾರೆ. ಆದರೆ ಮಷಿನ್ ಜೊತೆಗೆ ಹೊಣೆಯೂ ಬದಲಾಗುತ್ತದೆ. ಆ ಹೊಣೆ ಎಂಥದ್ದು ಅಂತ ತಿಳಿದುಕೊಂಡೇ ವಿಮಾನ ಹತ್ತಿ. ನಾನು ಅಲ್ಲಿ ಎರಡೂ ಕೆಲಸ ಮಾಡಿದವಳು. ಈಗ ಅಮ್ಮನನ್ನು ನೋಡಿಕೊಳ್ಳಲು ಬನಶಂಕರಿಗೆ ವಾಪಸ್ ಬಂದಿದ್ದೇನೆ.

ಕಾಗದ ಪತ್ರದ ಮಾತು ಬೇಗ ಮುಗಿಸುತ್ತೇನೆ. ಎಚ್‌ಸಿಪಿಸಿ ಅನ್ನುವ ಅಲ್ಲಿನ ವೃತ್ತಿ ನಿಯಂತ್ರಣ ಮಂಡಳಿಯ ನೋಂದಣಿ ಇಲ್ಲದೆ ಅಲ್ಲಿ ರೇಡಿಯೋಗ್ರಾಫರ್ ಅಂತ ಹೇಳಿಕೊಳ್ಳುವ ಹಾಗೇ ಇಲ್ಲ. ಇಂಗ್ಲಿಷ್ ಪರೀಕ್ಷೆಗೆ ಐಇಎಲ್‌ಟಿಎಸ್ ಬರೆಯುವುದಾದರೆ ಒಟ್ಟು 7 ಬರಬೇಕು, ಯಾವ ಭಾಗವೂ 6.5ಕ್ಕಿಂತ ಕೆಳಗೆ ಇಳಿಯಬಾರದು. ಅಂಕಪಟ್ಟಿ, ಪೂರ್ತಿ ಸಿಲಬಸ್ ಎರಡನ್ನೂ ರಾಜೀವ್ ಗಾಂಧಿ ವಿಶ್ವವಿದ್ಯಾಲಯದಿಂದ ಈಗಲೇ ತೆಗೆಸಿಟ್ಟುಕೊಳ್ಳಿ.

ಇನ್ನು ಮುಖ್ಯ ವಿಷಯ. ನಮ್ಮಲ್ಲಿ ಟೆಕ್ನಿಷಿಯನ್ ಪ್ರೋಬ್ (ಮೈಮೇಲೆ ಆಡಿಸುವ ಸ್ಕ್ಯಾನ್ ಹಿಡಿಕೆ) ಹಿಡಿಯುವುದಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ 1994ರಲ್ಲಿ ಆಯಿತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಗರ್ಭಿಣಿಗೆ ಸ್ಕ್ಯಾನ್ ಮಾಡುವವರು ಅರ್ಹ ವೈದ್ಯರೇ ಆಗಿರಬೇಕು. ನಾವು ಹೆಸರು ಬರೆದುಕೊಳ್ಳುತ್ತೇವೆ, ನೀರು ಕುಡಿಯಲು ಹೇಳುತ್ತೇವೆ, ಒಳಗೆ ಕಳಿಸುತ್ತೇವೆ. ಜೆಲ್ ಹಚ್ಚಿ ನೋಡುವುದು, ರಿಪೋರ್ಟ್ ಬರೆಯುವುದು ಎಲ್ಲ ಡಾಕ್ಟರ್. ಬ್ರಿಟನ್‌ನಲ್ಲಿ ಈ ಎರಡನ್ನೂ ಬಹುಪಾಲು ಸೋನೋಗ್ರಾಫರೇ ಮಾಡುತ್ತಾರೆ. ರಿಪೋರ್ಟಿನ ಕೆಳಗೆ ಇರುವುದು ನಿಮ್ಮ ಹೆಸರು.

ಇದು ಗೊತ್ತಿದ್ದರೆ ಏಜೆಂಟರ ಮಾತಿಗೆ ಮರುಳಾಗುವುದಿಲ್ಲ. "ಅಲ್ಟ್ರಾಸೌಂಡ್ ಸರ್ಟಿಫಿಕೇಟ್ ಮಾಡಿಕೊಂಡು ಹೋಗಿ, ಅಲ್ಲಿ ಇಳಿದ ಕೂಡಲೇ ಕೆಲಸ" ಅಂತ ಹೇಳಿ ದುಡ್ಡು ಕೀಳುವವರು ನಮ್ಮ ಊರಲ್ಲಿ ಇದ್ದಾರೆ. ನನ್ನ ಅಕ್ಕನ ಮಗನಿಂದಲೂ ಕಿತ್ತರು. ಅವನ ಅಪ್ಪ ಚೀಟಿ ದುಡ್ಡು ಎತ್ತಿ ಕಟ್ಟಿದ್ದರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಡಾಕ್ಟರ್ ಅಲ್ಲದವರು ಗರ್ಭಿಣಿಗೆ ಸ್ಕ್ಯಾನ್ ಮಾಡುವುದನ್ನು ಕಾನೂನೇ ಒಪ್ಪದ ಊರಿನಲ್ಲಿ ಆ ಕೋರ್ಸಿನವರು ಏನನ್ನು ತಾನೇ ಕಲಿಸಿಯಾರು? ನಾಲ್ಕು ವಿಡಿಯೋ, ಒಂದಿಷ್ಟು ನೋಟ್ಸ್. ಅಲ್ಲಿನ ಆಸ್ಪತ್ರೆಗಳು ಕೇಳುವುದು ಕೇಸ್ ಅನ್ನುವ ಸಂಸ್ಥೆ ಮಾನ್ಯ ಮಾಡಿದ ತರಬೇತಿಯನ್ನು. ನಮ್ಮಂಥವರಿಗೆ ಅದು ಸಾಮಾನ್ಯವಾಗಿ ಸ್ನಾತಕೋತ್ತರ ಕೋರ್ಸ್, ಕೆಲಸದ ಜೊತೆಗೇ ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಪಾಠ ಯೂನಿವರ್ಸಿಟಿಯಲ್ಲಿ ನಡೆದರೂ ಕೈ ಪಳಗುವುದು ಆಸ್ಪತ್ರೆಯಲ್ಲಿ. "ಇವರಿಗೆ ನಾವು ಕಲಿಸುತ್ತೇವೆ" ಅಂತ ಒಂದು ಆಸ್ಪತ್ರೆ ಒಪ್ಪದಿದ್ದರೆ ಸೀಟೇ ಇಲ್ಲ. ಹಾಗಾಗಿ ಮೊದಲು ಎಕ್ಸ್‌ರೇಯಲ್ಲಿ ನಿಂತು ದುಡಿಯಿರಿ. ಇವರನ್ನು ನಂಬಬಹುದು ಅಂತ ವಿಭಾಗದವರಿಗೆ ಅನ್ನಿಸಲಿ. ಆಮೇಲೆ ಕೇಳಿ.

ಸೋನೋಗ್ರಾಫರ್ ಅನ್ನುವ ಹೆಸರಿಗೆ ಅಲ್ಲಿ ಕಾನೂನಿನ ರಕ್ಷಣೆ ಇಲ್ಲ, ರೇಡಿಯೋಗ್ರಾಫರ್‌ಗೆ ಇದೆ. ಆದ್ದರಿಂದ ಕೆಲಸ ಬದಲಾಯಿಸಿದರೂ ಹಳೆಯ ನೋಂದಣಿಯನ್ನು ಎರಡು ವರ್ಷಕ್ಕೊಮ್ಮೆ ತಪ್ಪದೆ ನವೀಕರಿಸಿ.

ಎಲ್ಲರೂ ಅಲ್ಟ್ರಾಸೌಂಡ್‌ಗೇ ಹೋಗಬೇಕು ಅಂತೇನಿಲ್ಲ. ಸಿಟಿಗೆ ದಾರಿ ಹತ್ತಿರ. ಅದೂ ಎಕ್ಸ್‌ರೇಯೇ, ಹೆಚ್ಚಿನ ಕಡೆ ಇಲಾಖೆಯ ಒಳಗೇ ಕಲಿಸುತ್ತಾರೆ. ಎಂಆರ್‌ಐ ಕೂಡ ಬಹಳ ಕಡೆ ಹಾಗೆಯೇ. ಅಲ್ಲಿ ವಿಕಿರಣ ಇಲ್ಲ, ಆದರೆ ಅಯಸ್ಕಾಂತ ಹಗಲು ರಾತ್ರಿ ಆನ್ ಇರುತ್ತದೆ. ತಾಳಿ ಸರಕ್ಕೆ, ರವಿಕೆಗೆ ಸಿಕ್ಕಿಸಿದ ಪಿನ್ನು ಹುಡುಕುವ ಕಣ್ಣು ನಮ್ಮವರಿಗೆ ಮೊದಲೇ ಇರುತ್ತದೆ, ಅದು ಬಹಳ ಉಪಯೋಗಕ್ಕೆ ಬರುತ್ತದೆ. ಕ್ಯಾನ್ಸರ್‌ಗೆ ಕೊಡುವ ರೇಡಿಯೋಥೆರಪಿ ಮಾತ್ರ ಬೇರೆಯೇ ವೃತ್ತಿ. ಅದಕ್ಕೆ ಹೊಸದಾಗಿ ಡಿಗ್ರಿ ಓದಬೇಕು.

ಎಕ್ಸ್‌ರೇಯಲ್ಲಿ ಉಳಿದರೂ ಹಳೆಯ ಅಭ್ಯಾಸ ಬಿಡಬೇಕಾಗುತ್ತದೆ. ನಮ್ಮಲ್ಲಿ ಡಾಕ್ಟರ್ ಚೀಟಿ ಬಂದರೆ ಎರಡು ಮಾತಿಲ್ಲ, ತೆಗೆದುಬಿಡುತ್ತೇವೆ. ಅಲ್ಲಿ 2017ರ ವಿಕಿರಣ ನಿಯಮದ ಪ್ರಕಾರ ಬಟನ್ ಒತ್ತುವವರಿಗೂ ಕಾನೂನಿನ ಹೊಣೆ ಇದೆ. ಕಾರಣ ಸರಿಯಾಗಿ ಬರೆದಿಲ್ಲದ ಚೀಟಿಯನ್ನು ವಾಪಸ್ ಕಳಿಸಬೇಕು, ಅದು ದೊಡ್ಡ ಡಾಕ್ಟರದ್ದಾದರೂ ಸರಿ. ಹೆಸರು, ಹುಟ್ಟಿದ ದಿನ, ವಿಳಾಸ ಮೂರನ್ನೂ ರೋಗಿಯ ಬಾಯಿಂದಲೇ ಹೇಳಿಸಬೇಕು. ಹಿರಿಯರ ಎದುರು ತಲೆ ತಗ್ಗಿಸಿ ಬೆಳೆದ ನಮಗೆ ಇದು ಮೊದಮೊದಲು ಕಷ್ಟ. ಆದರೆ ಅಲ್ಲಿ ಇದನ್ನು ಯಾರೂ ಉದ್ಧಟತನ ಅನ್ನುವುದಿಲ್ಲ.

ಅಲ್ಟ್ರಾಸೌಂಡಿನ ಕಷ್ಟ ಬೇರೆ ಥರ. ಸಿಟಿಯಲ್ಲಿ ಎಲ್ಲ ಚಿತ್ರವೂ ಕೂತಿರುತ್ತದೆ, ನಾಳೆ ಇನ್ನೊಬ್ಬರು ತೆಗೆದು ನೋಡಬಹುದು. ಅಲ್ಟ್ರಾಸೌಂಡಿನಲ್ಲಿ ನಿಮ್ಮ ಕೈ ಹೋಗದ ಜಾಗವನ್ನು ಆಮೇಲೆ ಯಾರೂ ನೋಡಲಾರರು. ದಿನವಿಡೀ ಒತ್ತಿ ಹಿಡಿದು ಭುಜ, ಮಣಿಕಟ್ಟು ನೋಯುತ್ತವೆ. ಅದಕ್ಕಿಂತ ದೊಡ್ಡ ನೋವು ಮಾತಿನದ್ದು. ಮಗುವಿನ ಎದೆಬಡಿತ ಕಾಣದಿದ್ದಾಗ "ಡಾಕ್ಟರ್ ಹೇಳ್ತಾರೆ" ಅಂತ ತಪ್ಪಿಸಿಕೊಳ್ಳುವ ಹಾಗಿಲ್ಲ. ಇನ್ನೊಬ್ಬ ಸೋನೋಗ್ರಾಫರನ್ನು ಕರೆಸಿ ಖಚಿತ ಮಾಡಿಕೊಂಡು, ಆ ತಾಯಿಗೆ ನೀವೇ ನೇರವಾಗಿ ಹೇಳಬೇಕು. ಸುಳ್ಳು ಧೈರ್ಯ ಕೊಡಬಾರದು. ಹೇಳಿ ಮುಗಿಸುವಷ್ಟರಲ್ಲಿ ಹೊರಗೆ ಇನ್ನೊಬ್ಬರು ಕಾಯುತ್ತಿರುತ್ತಾರೆ.

ಇನ್ನೊಂದು ಮಾತಿದೆ. ಇಪ್ಪತ್ತನೇ ವಾರದ ಸ್ಕ್ಯಾನಿನಲ್ಲಿ ಗಂಡೋ ಹೆಣ್ಣೋ ಅಂತ ಕೇಳಿದರೆ ಅಲ್ಲಿ ಅನೇಕ ಆಸ್ಪತ್ರೆಗಳಲ್ಲಿ ಹೇಳುತ್ತಾರೆ. ಹೆಣ್ಣು ಅಂದಾಗ ಅಪ್ಪ ಅಮ್ಮ ಇಬ್ಬರೂ ಖುಷಿಯಿಂದ ಅತ್ತದ್ದನ್ನು ನಾನು ನೋಡಿದ್ದೇನೆ. ನಮ್ಮ ಊರಿನಲ್ಲಿ ಆ ಒಂದು ಮಾತನ್ನು ಕಾನೂನು ಮಾಡಿ ಮುಚ್ಚಿಡಬೇಕಾಗಿ ಬಂತಲ್ಲ ಅನ್ನುವ ಸಂಕಟ ನನಗೆ ಅಲ್ಲಿ ಆದಷ್ಟು ಇಲ್ಲಿ ಯಾವತ್ತೂ ಆಗಿರಲಿಲ್ಲ. ಆ ಕಾಯ್ದೆ ಬೇಕು. ಈಗಲೂ ಬೇಕು. ಅದು ಯಾಕೆ ಬೇಕು ಅಂತ ನನ್ನ ಮಗಳಿಗೆ ವಿವರಿಸುವಾಗ ನನ್ನ ಗಂಟಲು ಕಟ್ಟಿತ್ತು. ಅವಳು ಅಲ್ಲಿ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಕೋರ್ಸ್ ಓದುವ ದಿನಗಳಲ್ಲಿ ರಾತ್ರಿ ಅವಳಿಗೆ ಕತೆ ಹೇಳಲು ಪುರುಸೊತ್ತು ಇರಲಿಲ್ಲ. ಮಕ್ಕಳು ಚಿಕ್ಕವರಿದ್ದರೆ ಈ ತರಬೇತಿಯನ್ನು ಸ್ವಲ್ಪ ಮುಂದೆ ಹಾಕಿ ಅಂತಲೇ ನಾನು ಎಲ್ಲರಿಗೂ ಹೇಳುತ್ತೇನೆ. ಬ್ಯಾಂಡ್ 7 ಆಮೇಲೂ ಸಿಗುತ್ತದೆ.

ದೂರದಲ್ಲಿ ಇದ್ದಾಗ ನಮ್ಮ ವಿದ್ಯೆಯೇ ನಮ್ಮನ್ನು ಸುಡುವ ದಿನವೂ ಬರುತ್ತದೆ. ಅಪ್ಪನ ಸಿಟಿ ಸ್ಕ್ಯಾನ್ ನನಗೆ ವಾಟ್ಸಾಪ್‌ನಲ್ಲಿ ಬಂತು. ಮನೆಯವರಿಗಿಂತ ಮೊದಲೇ ನನಗೆ ಎಲ್ಲ ಅರ್ಥವಾಯಿತು. ಟಿಕೆಟ್ ಸಿಗುವಷ್ಟರಲ್ಲಿ ತಡವಾಗಿತ್ತು.

ರಾಜೀನಾಮೆ ಕೊಡುವ ಮೊದಲು ನಿಮ್ಮ ವಿಭಾಗದ ಮುಖ್ಯಸ್ಥರಿಂದ ಒಂದು ಪತ್ರ ಬರೆಸಿಕೊಳ್ಳಿ. ಎಕ್ಸ್‌ರೇ ಎಷ್ಟು ದಿನ, ಸಿಟಿ ಎಷ್ಟು ದಿನ, ಆಪರೇಷನ್ ಥಿಯೇಟರಿನಲ್ಲಿ ಸಿ-ಆರ್ಮ್ ಅನ್ನುವ ಎಕ್ಸ್‌ರೇ ಯಂತ್ರದಲ್ಲಿ ಎಷ್ಟು, ಎಲ್ಲ ಬಿಡಿಬಿಡಿಯಾಗಿ ಇರಲಿ. ಮೈಗೆ ಬಿದ್ದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜಿನ ಡೋಸ್ ದಾಖಲೆಯ ಪ್ರತಿಯನ್ನೂ ಕೇಳಿ. ಅಲ್ಲಿನ ಇಂಟರ್‌ವ್ಯೂನಲ್ಲಿ ಸಂಬಳದ ಮಾತಿಗಿಂತ ಮೊದಲು ಇದನ್ನು ಕೇಳಿ: ನಿಮ್ಮಲ್ಲಿ ಎಕ್ಸ್‌ರೇಯಿಂದ ಅಲ್ಟ್ರಾಸೌಂಡ್‌ಗೆ ಹೋದವರು ಯಾರಾದರೂ ಇದ್ದಾರಾ, ಅವರಿಗೆ ಕಲಿಸಿದವರು ಈಗಲೂ ಅಲ್ಲೇ ಇದ್ದಾರಾ?