ಬೂದು ಬಣ್ಣದ ಕ್ವೀನ್ ಮೇರಿ ಕಟ್ಟಿದ್ದು ಹೀಗೆ

ಕ್ವೀನ್ ಮೇರಿ ಎಂಬ ಬ್ರಿಟಿಷ್ ಪ್ರಯಾಣಿಕ ಹಡಗಿನ ಮಾದರಿ ಕಟ್ಟುವವರು ಸಾಮಾನ್ಯವಾಗಿ ಕಿತ್ತಳೆಗೆಂಪಿನ ಮೂರು ಚಿಮಣಿ, ಕಪ್ಪು ಒಡಲು, ಒಡಲ ಮೇಲಿನ ಅಂತಸ್ತುಗಳಿಗೆ ಬಿಳಿ ಬಳಿದು ಮುಗಿಸುತ್ತಾರೆ. ಚೆಂದ ಕಾಣುತ್ತದೆ, ಇಲ್ಲ ಅನ್ನೋಲ್ಲ. ನನಗೆ ಬೇಕಿದ್ದದ್ದು ಎರಡನೇ ಮಹಾಯುದ್ಧದಲ್ಲಿ ಬೂದು ಬಣ್ಣ ಬಳಿಸಿಕೊಂಡು, ಸೈನಿಕರನ್ನು ತುಂಬಿಕೊಂಡು ಓಡಿದ ಹಡಗು. ರೆವೆಲ್ ಕಂಪನಿಯ 1:570 ಅಳತೆಯ, ಅಂದರೆ ಅಸಲಿಗಿಂತ 570 ಪಟ್ಟು ಚಿಕ್ಕದಾದ, ಪ್ಲಾಸ್ಟಿಕ್ ಕಿಟ್ ತಗೊಂಡೆ. ಅಸಲಿ ಹಡಗು 310 ಮೀಟರ್. ನನ್ನದು ಸುಮಾರು ಒಂದೂಮುಕ್ಕಾಲು ಅಡಿ.

ಬಣ್ಣಕ್ಕಿಂತ ಮೊದಲು ಇಸವಿ ಗಟ್ಟಿ ಮಾಡಿಕೊಳ್ಳಬೇಕು. 1936ರಲ್ಲಿ ಓಡಾಟ ಶುರು ಮಾಡಿದ ಹಡಗು, ಯುದ್ಧ ಶುರುವಾದಾಗ ನ್ಯೂಯಾರ್ಕ್‌ನಲ್ಲಿ ಲಂಗರು ಹಾಕಿತು. 1940ರಲ್ಲಿ ಸಿಡ್ನಿಯಲ್ಲಿ ಅದನ್ನು ಸುಮಾರು 5,000 ಸೈನಿಕರು ಹಿಡಿಸುವಂತೆ ಬದಲಾಯಿಸಿದರು. ಆಸ್ಟ್ರೇಲಿಯಾದ ಸೈನಿಕರನ್ನು ಹೊತ್ತು ಅದೇ ವರ್ಷ ಬಾಂಬೆಗೂ ಬಂದಿತ್ತು. 1942ರಲ್ಲಿ ಬಾಸ್ಟನ್‌ನಲ್ಲಿ ಇನ್ನಷ್ಟು ಮಲಗುವ ಹಾಸುಗಳು, ಇನ್ನಷ್ಟು ತೋಪುಗಳು ಬಂದವು. ಅಂದರೆ 1940ರ ಮೇರಿಗೆ 1943ರ ತೋಪು ಕೂರಿಸಿದರೆ ತಿಳಿದವರು ನಗುತ್ತಾರೆ.

ನಾನು ಆರಿಸಿದ್ದು 1943ರ ಜುಲೈ. ಆ ಸಲ ನ್ಯೂಯಾರ್ಕ್‌ನಿಂದ ಸ್ಕಾಟ್ಲೆಂಡಿಗೆ ಹೊರಟಾಗ ಸಿಬ್ಬಂದಿ ಸೇರಿ 16,683 ಜನ ಇದ್ದರು! ಈಜುಕೊಳದಲ್ಲೂ ಹಾಸು ಕಟ್ಟಿದ್ದರು. ಊಟ ದಿನಕ್ಕೆ ಎರಡೇ ಸಲ, ಅದೂ ಪಾಳಿಯಲ್ಲಿ. ಹಡಗನ್ನು ಕೆಂಪು, ಬಿಳಿ, ನೀಲಿ ಅಂತ ಮೂರು ಭಾಗ ಮಾಡಿ, ಸೈನಿಕರಿಗೆ ಆಯಾ ಬಣ್ಣದ ಬಿಲ್ಲೆ ಕೊಡುತ್ತಿದ್ದರು. ತಮ್ಮ ಭಾಗ ಬಿಟ್ಟು ಅಲೆಯುವಂತಿರಲಿಲ್ಲ. ಬೇಸಿಗೆಯಾದ್ದರಿಂದ ಒಂದಷ್ಟು ಜನ ಡೆಕ್ ಮೇಲೇ ಮಲಗುತ್ತಿದ್ದರು. ಹಾಗಾಗಿ ನನ್ನ ಡೆಕ್ ಖಾಲಿ ಇರುವಂತಿಲ್ಲ, ಅಲ್ವಾ?

ಈ ಅಳತೆಯಲ್ಲಿ ಒಬ್ಬ ಮನುಷ್ಯ ಮೂರೇ ಮಿಲಿಮೀಟರ್. ಹಳೇ ಟೂತ್‌ಬ್ರಷ್ಷಿನ ಎಳೆಗಳನ್ನು ಆ ಉದ್ದಕ್ಕೆ ಕತ್ತರಿಸಿ, ಖಾಕಿ ಬಳಿದು, ಗುಂಪು ಗುಂಪಾಗಿ ಅಂಟಿಸಿದೆ. ಕೈಕಾಲು ಕಾಣಲ್ಲ, ಆದರೆ ನೂಕುನುಗ್ಗಲು ಕಾಣುತ್ತದೆ. ಸಾಲಾಗಿ ನಿಲ್ಲಿಸಬೇಡಿ, ಪರೇಡ್ ಥರ ಆಗುತ್ತೆ.

ಬೂದು ಬಣ್ಣಕ್ಕೆ ಬಿಳಿ, ಕಪ್ಪು, ಚೂರು ನೀಲಿ ಬೆರೆಸಿದೆ. ಚಿಮಣಿ, ದೋಣಿ ಎಲ್ಲಕ್ಕೂ ಅದೇ. ಡೆಕ್‌ಗೆ ಮಾತ್ರ ಒಂದು ಛಾಯೆ ಗಾಢ, ಇಲ್ಲದಿದ್ದರೆ ಎಲ್ಲ ಒಂದೇ ಮುದ್ದೆ. ಆಯಸ್ಕಾಂತೀಯ ಮೈನ್‌ಗಳಿಂದ (ಹಡಗಿನ ಕಾಂತತ್ವಕ್ಕೆ ಸಿಡಿಯುವ, ಸಮುದ್ರದಲ್ಲಿ ಇಟ್ಟ ಬಾಂಬುಗಳು) ಕಾಪಾಡಲು ಒಡಲ ಸುತ್ತ ತಂತಿ ಸುತ್ತಿದ್ದರು. ಅದು ಕಿಟ್‌ನಲ್ಲಿ ಇಲ್ಲ. ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ ತುಂಡನ್ನು ಮೇಣದಬತ್ತಿಯ ಮೇಲೆ ಬಿಸಿ ಮಾಡಿ, ದಾರದಂತೆ ಎಳೆದು ಅಂಟಿಸಿದೆ. ಇಡೀ ಕೆಲಸದಲ್ಲಿ ತಾಳ್ಮೆ ಬೇಡಿದ್ದು ಇದೇ.

ಮೂತಿಯ ವಿಷಯ ಬೇರೆ. 1942ರ ಅಕ್ಟೋಬರ್ 2ರಂದು ಮೇರಿ ತನ್ನ ಕಾವಲಿಗಿದ್ದ ಕ್ಯುರಾಸೋವಾ ಎಂಬ ಯುದ್ಧನೌಕೆಗೇ ಡಿಕ್ಕಿ ಹೊಡೆದು ಎರಡು ಹೋಳು ಮಾಡಿತು. 300ಕ್ಕೂ ಹೆಚ್ಚು ನಾವಿಕರು ಸತ್ತರು. ಜಲಾಂತರ್ಗಾಮಿಗಳ ಭಯಕ್ಕೆ, ಎಲ್ಲೂ ನಿಲ್ಲಬಾರದೆಂಬ ಆದೇಶದಂತೆ ಮೇರಿ ಮುಂದೆ ಹೋಯಿತು. ನಜ್ಜುಗುಜ್ಜಾದ ಮೂತಿಗೆ ಮೊದಲು ಕಾಂಕ್ರೀಟ್ ತುಂಬಿ, ಆಮೇಲೆ ಬಾಸ್ಟನ್‌ನಲ್ಲಿ ಸರಿಪಡಿಸಿದರು. ನನ್ನದು 1943ರ ಹಡಗಾದ್ದರಿಂದ ಮೂತಿ ನೆಟ್ಟಗಿದೆ.

ತುಕ್ಕು ಬಳಿಯುವ ಚಟ ನಮ್ಮವರಿಗೆ ಜಾಸ್ತಿ. ನಾನು ಲಂಗರಿನ ಕೆಳಗೆ ಒಂದೆರಡು ಗೆರೆ ಎಳೆದು ಬಿಟ್ಟೆ. ಕೊನೆಗೆ ಮ್ಯಾಟ್ ವಾರ್ನಿಷ್, ತೆಳ್ಳಗೆ. ಹೊಳೆಯುವ ಯುದ್ಧದ ಹಡಗು ಆಟಿಕೆ ಥರ ಕಾಣುತ್ತೆ.