ಬೇರೆಯವರ ಸೋಲನ್ನೂ ಎಣಿಸಿದ ಸೆಪ್ಟೆಂಬರ್

ಅಮೆರಿಕದ ಮೇಜರ್ ಲೀಗ್‌ನ ಬೇಸ್‌ಬಾಲ್ ಟೀಮ್ ಒಂದು ಸೀಸನ್‌ಗೆ 162 ಮ್ಯಾಚ್ ಆಡುತ್ತದೆ. ಮಾರ್ಚ್ ಕೊನೆಗೆ ಶುರುವಾದರೆ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಮ್ಮಿ ದಿನಾ ಆಟ. ಆಫೀಸು, ಅಡುಗೆ, ಮಕ್ಕಳ ಹೋಮ್‌ವರ್ಕ್ ಇಟ್ಟುಕೊಂಡು ಅಷ್ಟನ್ನೂ ನೋಡೋಕೆ ಆಗಲ್ಲ. ಆಗಸ್ಟ್‌ವರೆಗೆ ನಾನು ಸುಮ್ನೆ ಸ್ಕೋರ್ ನೋಡಿ ಮುಂದಕ್ಕೆ ಹೋಗುತ್ತೇನೆ. ಕೊನೆಯ ಐದಾರು ವಾರದ ಮಾತೇ ಬೇರೆ. 2025ರಲ್ಲಿ ಆ ವಾರಗಳಲ್ಲಿ ಸಿಯಾಟಲ್ ಮ್ಯಾರಿನರ್ಸ್ ಟೀಮಿನ ಬೆನ್ನಿಗೆ ನಾನು ಹೇಗೆ ಬಿದ್ದೆ ಅಂತ ಬರೆಯುತ್ತಿದ್ದೇನೆ. ನಾವಿರುವುದು ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ. ಈ ಕಡೆ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಕನ್ನಡಿಗರು ತುಂಬಾ ಇದ್ದಾರೆ, ಕ್ರಿಕೆಟ್ ಬಿಟ್ಟರೆ ಬೇರೆ ಆಟ ನೋಡುವವರು ಕಡಿಮೆ. ಅವರಿಗೆ ಇದು ಉಪಯೋಗಕ್ಕೆ ಬಂದರೆ ನನಗೆ ಖುಷಿ.

ಮೊದಲು ಕಲಿಯಬೇಕಾದ್ದು ಪಾಯಿಂಟ್ಸ್ ಟೇಬಲ್ ಓದುವುದನ್ನು. ಇಲ್ಲಿ ಅದಕ್ಕೆ ಸ್ಟ್ಯಾಂಡಿಂಗ್ಸ್ ಅಂತಾರೆ. ಮ್ಯಾರಿನರ್ಸ್ ಇರುವುದು ಅಮೆರಿಕನ್ ಲೀಗ್‌ನಲ್ಲಿ. ಅಲ್ಲಿ 15 ಟೀಮ್, ಐದೈದರ ಮೂರು ಡಿವಿಷನ್. ಮೂರು ಡಿವಿಷನ್‌ಗಳಲ್ಲಿ ಮೊದಲು ಬಂದವರು ಪ್ಲೇಆಫ್‌ಗೆ ಹೋಗುತ್ತಾರೆ. ಉಳಿದವರಲ್ಲಿ ಚೆನ್ನಾಗಿ ಆಡಿದ ಮೂವರಿಗೆ ವೈಲ್ಡ್ ಕಾರ್ಡ್ ಸಿಗುತ್ತದೆ. ಪಾಯಿಂಟ್ಸ್ ಇಲ್ಲ, ರನ್ ರೇಟ್ ಇಲ್ಲ. ಗೆಲುವು, ಸೋಲು, ಅಷ್ಟೇ. 2024ರ ಮೇ 18ರಂದು ಆರ್‌ಸಿಬಿ ಚೆನ್ನೈಯನ್ನು 18 ರನ್ ಅಂತರದಲ್ಲಿ ಸೋಲಿಸಬೇಕು ಅಂತ ಮನೆಮನೆಯಲ್ಲಿ ಲೆಕ್ಕ ಹಾಕಿದವರು ನಾವು. ನಮಗೆ ಇದು ಸುಲಭ.

ಸ್ಟ್ಯಾಂಡಿಂಗ್ಸ್‌ನಲ್ಲಿ ಎಲ್ಲರೂ ಮೊದಲು ನೋಡುವುದು ಗೆಲುವಿನ ಕಾಲಮ್. ನಾನು ನೋಡುವುದು ಸೋಲಿನ ಕಾಲಮ್. ಎಲ್ಲ ಟೀಮೂ ಒಂದೇ ದಿನ ಆಡುವುದಿಲ್ಲ. ಹಾಗಾಗಿ ಒಬ್ಬರಿಗೆ ಎರಡು ಮ್ಯಾಚ್ ಬಾಕಿ ಇದ್ದರೆ ಇನ್ನೊಬ್ಬರಿಗೆ ಮೂರು ಇರಬಹುದು. ಬಾಕಿ ಇರುವ ಮ್ಯಾಚ್ ಗೆದ್ದು ಗೆಲುವು ಸೇರಿಸಿಕೊಳ್ಳಬಹುದು, ಆಗಿಹೋದ ಸೋಲನ್ನು ಅಳಿಸೋಕೆ ಆಗಲ್ಲ. ಇಲ್ಲಿನ ಹಳೆಯ ಅಭಿಮಾನಿಗಳು ಇದನ್ನು ದಿನಾ ಹೇಳುತ್ತಾರೆ. ಸೆಪ್ಟೆಂಬರ್‌ನಲ್ಲಿ ಇದಕ್ಕಿಂತ ದೊಡ್ಡ ಸತ್ಯ ಇಲ್ಲ.

ಸೆಪ್ಟೆಂಬರ್ 5ಕ್ಕೆ ಮ್ಯಾರಿನರ್ಸ್ 73 ಗೆಲುವು, 68 ಸೋಲು. ಡಿವಿಷನ್‌ನಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ಮುಂದಿತ್ತು. ಅಟ್ಲಾಂಟಾದಲ್ಲಿ ಆಟ ನೀರಸವಾಗಿತ್ತು, ಆಫೀಸಿನಲ್ಲಿ ಎಲ್ಲರ ಮುಖ ಸಪ್ಪೆ. ನಾನು ನೋಟ್‌ಬುಕ್ ಶುರು ಮಾಡಿದ್ದು ಆ ವಾರವೇ.

ನೋಟ್‌ಬುಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಎಲ್ಲ ಇರುವುದು ಅದರಲ್ಲೇ. ಎಡಗಡೆ ಪುಟದಲ್ಲಿ ಮ್ಯಾರಿನರ್ಸ್, ಹ್ಯೂಸ್ಟನ್, ಮತ್ತು ವೈಲ್ಡ್ ಕಾರ್ಡ್‌ಗೆ ಪೈಪೋಟಿ ಕೊಡುವ ಟೀಮ್‌ಗಳ ಗೆಲುವು ಸೋಲು. ಬಲಗಡೆ ಪುಟದಲ್ಲಿ ಬುಲ್‌ಪೆನ್ ಪಟ್ಟಿ. ಪಿಚರ್ ಅಂದರೆ ಚೆಂಡೆಸೆಯುವವನು. ಒಂಬತ್ತು ಇನಿಂಗ್ಸ್‌ನ ಆಟದಲ್ಲಿ ಶುರುವಿನ ಪಿಚರ್ ಐದಾರು ಇನಿಂಗ್ಸ್ ಎಸೆದು ಹೊರಟ ಮೇಲೆ ಬರುವ ಪಿಚರ್‌ಗಳ ಗುಂಪೇ ಬುಲ್‌ಪೆನ್. ಮೇಲಿಂದ ಕೆಳಗೆ ಅವರ ಹೆಸರು, ಅಡ್ಡಕ್ಕೆ ತಾರೀಖು, ಚೌಕದಲ್ಲಿ ಆ ದಿನ ಎಷ್ಟು ಪಿಚ್, ಅಂದರೆ ಎಷ್ಟು ಚೆಂಡು, ಎಸೆದರು ಅನ್ನುವ ಸಂಖ್ಯೆ. ಎರಡು ದಿನ ಸತತವಾಗಿ ಎಸೆದವನನ್ನು ಮೂರನೇ ದಿನ ಸಾಮಾನ್ಯವಾಗಿ ಕರೆಯುವುದಿಲ್ಲ. ಒಂದೇ ದಿನ 30 ಪಿಚ್ ದಾಟಿದವನಿಗೆ ಮಾರನೇ ದಿನ ರಜೆ ಅಂತಲೇ ಇಟ್ಟುಕೊಳ್ಳಿ. ಈ ಪಟ್ಟಿ ಮುಂದಿದ್ದರೆ ಏಳನೇ ಇನಿಂಗ್ಸ್‌ನಲ್ಲಿ ಯಾರು ಬರಬಹುದು ಅಂತ ಮ್ಯಾಚ್ ಶುರುವಾಗುವ ಮುಂಚೆಯೇ ಗೊತ್ತಾಗುತ್ತದೆ. ಟಿವಿಯಲ್ಲಿ ಮ್ಯಾನೇಜರ್ ಡ್ಯಾನ್ ವಿಲ್ಸನ್ ಫೋನ್ ಎತ್ತಿದಾಗ ಅವರು ಯಾವ ಹೆಸರು ಹೇಳುತ್ತಿದ್ದಾರೆ ಅಂತ ಊಹಿಸಬಹುದು. ಆಟ ಒಳಗಿನಿಂದ ಅರ್ಥವಾಗೋಕೆ ಶುರುವಾಗುವುದು ಅಲ್ಲೇ.

ಸೆಪ್ಟೆಂಬರ್ 1ರಿಂದ ಟೀಮ್‌ನಲ್ಲಿ 26ರ ಬದಲು 28 ಜನ ಇರಬಹುದು. ಅದನ್ನೂ ಪಟ್ಟಿಗೆ ಸೇರಿಸಿಕೊಳ್ಳಬೇಕು. ಜುಲೈ ಕೊನೆಗೆ ಅರಿಜೋನಾ ಟೀಮಿನಿಂದ ತಂದ ಬ್ಯಾಟರ್‌ಗಳಾದ ಜಾಶ್ ನೇಲರ್, ಯುಹೇನಿಯೊ ಸುವಾರೆಜ್ ಇಬ್ಬರ ಹೆಸರೂ ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಓಡಾಡುತ್ತಿತ್ತು.

ದಿನದ ಓಟ ಹೀಗಿರುತ್ತಿತ್ತು. ಹ್ಯೂಸ್ಟನ್ ನಮಗಿಂತ ಎರಡು ಗಂಟೆ ಮುಂದೆ. ಅಲ್ಲಿನ ಮ್ಯಾಚ್ ನಮ್ಮ ಸಂಜೆ ಐದೂ ಕಾಲರ ಹೊತ್ತಿಗೆ ಶುರು. ಆಫೀಸಿನಿಂದ ಬರುವಾಗ ಅದರ ಸ್ಕೋರ್ ನೋಡಿಕೊಂಡಿರುತ್ತಿದ್ದೆ. ಮನೆಗೆ ಬಂದು ಅನ್ನಕ್ಕಿಡುವ ಹೊತ್ತಿಗೆ, ಆರೂ ಮುಕ್ಕಾಲಿಗೆ, ನಮ್ಮ ಮ್ಯಾಚ್. ಟಿವಿಗಿಂತ ರೇಡಿಯೊ ನನಗಿಷ್ಟ. ರಿಕ್ ರಿಜ್ ಅವರ ದನಿ ಅಡುಗೆಮನೆಯಲ್ಲಿದ್ದರೆ ಕೈ ತನ್ನ ಕೆಲಸ ಮಾಡುತ್ತಿರುತ್ತದೆ, ಕಿವಿ ಮೈದಾನದಲ್ಲಿರುತ್ತದೆ. ಬೆಂಗಳೂರಿನಲ್ಲಿ ಇರುವವರಿಗೆ ಇನ್ನೂ ಒಳ್ಳೆಯದು. ಸಿಯಾಟಲ್‌ನ ಸಂಜೆ ಮ್ಯಾಚ್ ಅಲ್ಲಿ ಬೆಳಗ್ಗೆ ಏಳು ಗಂಟೆ ದಾಟಿದ ಮೇಲೆ, ಕಾಫಿ ಲೋಟ ಕೈಯಲ್ಲಿರುವಾಗ ಬರುತ್ತದೆ.

ಆ ತಿಂಗಳು ಅಮ್ಮ ಹಾಸನದಿಂದ ಬಂದಿದ್ದರು. ಮೊದಮೊದಲು "ಇದೇನೇ, ಹೊಡೆಯೋದಕ್ಕಿಂತ ನಿಂತ್ಕೊಳ್ಳೋದೇ ಜಾಸ್ತಿ" ಅಂದರು. ಅವರಿಗೆ ಸ್ಕೋರ್‌ಶೀಟ್ ಬರೆಯೋಕೆ ಕೊಟ್ಟೆ. ಪಿಚರ್‌ಗೆ 1, ಕ್ಯಾಚರ್‌ಗೆ 2, ಫಸ್ಟ್ ಬೇಸ್‌ಗೆ 3, ಹೀಗೆ ರೈಟ್ ಫೀಲ್ಡರ್‌ಗೆ 9. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಸೆಕೆಂಡ್‌ಗೆ, ಅಲ್ಲಿಂದ ಫಸ್ಟ್‌ಗೆ ಎಸೆದು ಇಬ್ಬರನ್ನು ಔಟ್ ಮಾಡಿದರೆ 6-4-3. ಸ್ಟ್ರೈಕ್‌ಔಟ್‌ಗೆ ಇಂಗ್ಲಿಷಿನ ಕೆ, ಬ್ಯಾಟ್ ಬೀಸದೆ ನಿಂತೇ ಔಟಾದರೆ ತಿರುಗಿಸಿದ ಕೆ. ಅಮ್ಮ ಮೇಷ್ಟ್ರಾಗಿದ್ದವರು, ಮಾರ್ಕ್ಸ್ ಕಾರ್ಡ್ ಬರೆದ ಕೈ. ಎರಡೇ ದಿನದಲ್ಲಿ ನನಗಿಂತ ಅಚ್ಚುಕಟ್ಟಾಗಿ ಬರೆದರು. ಕ್ಯಾಲ್ ರಾಲಿ ಬಂದರೆ ಮಾತ್ರ ಪೆನ್ನು ಕೆಳಗಿಟ್ಟು "ಆ ಗುಂಡು ಹುಡುಗ ಬಂದ ನೋಡು" ಅನ್ನೋರು.

ಆ ಹುಡುಗನ ಬಗ್ಗೆ ಹೇಳಲೇಬೇಕು. ರಾಲಿ ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಥರ. ಮೂರು ಗಂಟೆ ಕುಕ್ಕರುಗಾಲಲ್ಲಿ ಕೂತು ಏಳುವ ಕೆಲಸ. ಮಂಡಿ, ಸೊಂಟ ಸವೆಯುವ ಜಾಗ ಅದು. ಅಂಥ ಜಾಗದಲ್ಲಿ ಆಡಿಕೊಂಡು ಆಗಸ್ಟ್‌ನಲ್ಲೇ ಕ್ಯಾಚರ್‌ಗಳ ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ದಾಖಲೆ, ಅಂದರೆ ಸಾಲ್ವಡೋರ್ ಪೆರೆಜ್‌ನ 48, ದಾಟಿದ್ದ. ಎಡಗೈ ಬಲಗೈ ಎರಡರಲ್ಲೂ ಬ್ಯಾಟ್ ಬೀಸುವವರಲ್ಲಿ ಮಿಕಿ ಮ್ಯಾಂಟಲ್ 1961ರಲ್ಲಿ ಮಾಡಿದ್ದ 54ರ ದಾಖಲೆಯನ್ನು ಸೆಪ್ಟೆಂಬರ್ 16ರಂದು ಕಾನ್ಸಾಸ್ ಸಿಟಿಯಲ್ಲಿ ಮುರಿದ. ಅದೇ ದಿನ ಮ್ಯಾರಿನರ್ಸ್ ದಾಖಲೆಯಾದ ಕೆನ್ ಗ್ರಿಫಿ ಜೂನಿಯರ್‌ನ 56ನ್ನೂ ಮುಟ್ಟಿದ. ಅಷ್ಟು ಹೊತ್ತಿಗೆ ಟೀಮ್ ಸತತ ಹತ್ತು ಗೆದ್ದಿತ್ತು.

ಸೆಪ್ಟೆಂಬರ್ 19ಕ್ಕೆ ಹ್ಯೂಸ್ಟನ್‌ನಲ್ಲಿ ಮೂರು ಮ್ಯಾಚಿನ ಸರಣಿ ಶುರುವಾಗುವಾಗ ಎರಡೂ ಟೀಮ್ 84 ಗೆಲುವು, 69 ಸೋಲು. ಒಂದಂಕಿಯೂ ವ್ಯತ್ಯಾಸ ಇಲ್ಲ. ಒಂದೇ ಡಿವಿಷನ್‌ನ ಟೀಮ್‌ಗಳು ವರ್ಷಕ್ಕೆ 13 ಸಲ ಎದುರಾಗುತ್ತವೆ. ಕೊನೆಗೆ ಸಮ ಬಂದರೆ ಆ 13ರಲ್ಲಿ ಹೆಚ್ಚು ಗೆದ್ದವರು ಮೇಲೆ. ಹಿಂದೆಲ್ಲ ಸಮ ಬಂದರೆ 163ನೇ ಮ್ಯಾಚ್ ಆಡಿಸುತ್ತಿದ್ದರು, 2022ರಿಂದ ಅದು ನಿಂತಿತು. ಹಾಗಾಗಿ ಆ ವಾರಾಂತ್ಯದಲ್ಲಿ ಒಂದು ಗೆಲುವಿಗೆ ಒಂದಕ್ಕಿಂತ ಹೆಚ್ಚು ಬೆಲೆ ಇತ್ತು. ನಾವು ಮೂರೂ ಮ್ಯಾಚ್ ಬಿಡದೆ ನೋಡಿದೆವು. ಶುಕ್ರವಾರ ಗೆಲುವು. ಶನಿವಾರ ಕೊನೇ ಇನಿಂಗ್ಸ್‌ನಲ್ಲಿ ಎದೆ ಬಾಯಿಗೆ ಬಂದಿತ್ತು. ಚೆಂಡು ರೈಟ್ ಫೀಲ್ಡ್‌ನಲ್ಲಿ ಬೀಳುತ್ತದೆ ಅಂತ ಹ್ಯೂಸ್ಟನ್‌ನ ಓಟಗಾರ ಬೇಸ್ ಬಿಟ್ಟು ಹೊರಟಿದ್ದ. ವಿಕ್ಟರ್ ರೋಬ್ಲೆಸ್ ಓಡಿ ಬಂದು, ನೆಲಕ್ಕೆ ಮೈಚೆಲ್ಲಿ ಹಿಡಿದ. ಎದ್ದವನೇ ಸೆಕೆಂಡ್ ಬೇಸ್‌ಗೆ ಎಸೆದ. ಡಬಲ್ ಪ್ಲೇ, ಒಂದೇ ಚೆಂಡಿಗೆ ಇಬ್ಬರು ಔಟ್, ಮ್ಯಾಚ್ ಮುಗೀತು. ಅಮ್ಮ "ಹಿಡಿದ್ನಾ? ಹಿಡಿದ್ನಾ?" ಅಂತ ಎದ್ದು ನಿಂತಿದ್ದರು. ಭಾನುವಾರವೂ ಗೆಲುವು.

ಅವತ್ತು ರಾತ್ರಿ ಊಟದ ಮೇಜಿನ ಮೇಲೆ ಮ್ಯಾಜಿಕ್ ನಂಬರ್ ಲೆಕ್ಕ ಹಾಕಿದೆ. ಲೆಕ್ಕ ಸರಳ. 163ರಿಂದ ನಮ್ಮ ಗೆಲುವು ಕಳೆಯಿರಿ, ಎದುರಾಳಿಯ ಸೋಲು ಕಳೆಯಿರಿ. 163, ಅದರಿಂದ ನಮ್ಮ 87, ಅವರ 72. ಉಳಿದದ್ದು 4. ಸಮ ಬಂದರೂ ನಾವೇ ಮೇಲೆ, ಹಾಗಾಗಿ ಇನ್ನೊಂದು ಕಡಿಮೆ, 3. ಇನ್ನು ನಮ್ಮ ಪ್ರತಿ ಗೆಲುವಿಗೆ ಒಂದು ಇಳಿಯುತ್ತದೆ, ಅವರ ಪ್ರತಿ ಸೋಲಿಗೂ ಒಂದು ಇಳಿಯುತ್ತದೆ. ಸೊನ್ನೆ ಆದರೆ ಡಿವಿಷನ್ ನಮ್ಮದು. ಸೆಪ್ಟೆಂಬರ್‌ನಲ್ಲಿ ಎರಡೆರಡು ಮ್ಯಾಚ್ ನೋಡುವುದು ಈ ಕಾರಣಕ್ಕೆ. ನಮ್ಮವರಿಗೆ ರಜೆ ಇದ್ದ ದಿನವೂ ಆಟ ನಡೆಯುತ್ತಿರುತ್ತದೆ.

24ರ ಬುಧವಾರ ಮೈದಾನಕ್ಕೇ ಹೋದೆವು. ಲಿನ್‌ವುಡ್‌ನಲ್ಲಿ ಕಾರು ನಿಲ್ಲಿಸಿ ಲಿಂಕ್ ರೈಲು ಹತ್ತಿದರೆ ಸ್ಟೇಡಿಯಂ ಸ್ಟೇಷನ್‌ನಲ್ಲಿ ಇಳಿಯಬಹುದು, ಪಾರ್ಕಿಂಗ್ ದುಡ್ಡು ಉಳಿಯುತ್ತದೆ. ಟಿ-ಮೊಬೈಲ್ ಪಾರ್ಕ್‌ಗೆ ಹೊರಗಿನ ಊಟ ತಗೊಂಡು ಹೋಗಬಹುದು. ಚಪಾತಿ ಸುತ್ತಿಕೊಂಡು ಹೋಗಿದ್ದೆವು. ಮೇಲಿನ ಮಹಡಿಯ ಸೀಟು ಸಾಕು. ಚೆಂಡು ಎಲ್ಲಿಗೆ ಹೋಯಿತು, ಫೀಲ್ಡರ್ ಎಲ್ಲಿಂದ ಹೊರಟ ಅನ್ನುವುದೆಲ್ಲ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ಸ್ವೆಟರ್ ಮಾತ್ರ ಮರೆಯಬೇಡಿ. ಮೇಲಿನ ಚಾವಣಿ ಮುಚ್ಚಿದರೂ ಪಕ್ಕ ತೆರೆದೇ ಇರುತ್ತದೆ, ಗಾಳಿ ಬರುತ್ತದೆ, ಪಕ್ಕದ ಹಳಿಯ ಗೂಡ್ಸ್ ರೈಲಿನ ಹಾರ್ನ್ ಕೂಡ ಬರುತ್ತದೆ. ಹಿಂದಿನ ರಾತ್ರಿ ನೇಲರ್ ಎಂಟನೇ ಇನಿಂಗ್ಸ್‌ನಲ್ಲಿ ಮೂರು ರನ್ ತಂದ ಡಬಲ್ (ಸೆಕೆಂಡ್ ಬೇಸ್‌ವರೆಗಿನ ಹೊಡೆತ) ಹೊಡೆದು 4-3ರಲ್ಲಿ ಗೆಲ್ಲಿಸಿ, ಪ್ಲೇಆಫ್ ಖಾತ್ರಿ ಮಾಡಿದ್ದ. ಬಾಕಿ ಇದ್ದದ್ದು ಡಿವಿಷನ್.

ಕೊಲರಾಡೊ ರಾಕೀಸ್ ವಿರುದ್ಧ ರಾಲಿ ಮೊದಲ ಇನಿಂಗ್ಸ್‌ನಲ್ಲೇ 59ನೇ ಹೋಮ್ ರನ್ ಹೊಡೆದ. ಎಂಟನೇ ಇನಿಂಗ್ಸ್‌ಗೆ ಅವನು ಮತ್ತೆ ಬರುವಾಗ ನಮ್ಮ ಸಾಲಿನಲ್ಲಿ ಯಾರೂ ಕೂತಿರಲಿಲ್ಲ. ಚೆಂಡು ಬ್ಯಾಟಿಗೆ ತಾಗಿದ ಸದ್ದಿಗೇ ಗೊತ್ತಾಯಿತು. ಅರವತ್ತು. ಮೇಜರ್ ಲೀಗ್‌ನ ಇಷ್ಟು ವರ್ಷದ ಚರಿತ್ರೆಯಲ್ಲಿ ಒಂದು ಸೀಸನ್‌ಗೆ 60 ಹೊಡೆದವರು ಅವನೂ ಸೇರಿ ಏಳೇ ಜನ. 9-2ರಲ್ಲಿ ಮ್ಯಾಚ್ ಗೆದ್ದರು, 2001ರ ನಂತರ ಮೊದಲ ಸಲ ಡಿವಿಷನ್ ಗೆದ್ದರು. 2001ರಲ್ಲಿ ಇದೇ ಟೀಮ್ 116 ಮ್ಯಾಚ್ ಗೆದ್ದಿತ್ತು, ಆಮೇಲೆ 2022ರವರೆಗೆ ಪ್ಲೇಆಫ್ ಬಾಗಿಲನ್ನೇ ಕಂಡಿರಲಿಲ್ಲ. ನಮ್ಮ ಪಕ್ಕದ ಸೀಟಿನ ವಯಸ್ಸಾದ ಹೆಂಗಸು ಅಮ್ಮನನ್ನು ತಬ್ಬಿಕೊಂಡರು. ಅಮ್ಮನಿಗೆ ಅವರ ಮಾತು ಅರ್ಥವಾಗಲಿಲ್ಲ, ಸಂತೋಷ ಅರ್ಥವಾಯಿತು.

ಕೊನೆಯ ಮೂರು ಮ್ಯಾಚ್ ಡಾಡ್ಜರ್ಸ್ ಕೈಯಲ್ಲಿ ಸೋತರು. 90 ಗೆಲುವು, 72 ಸೋಲು. ಆದರೆ ಆ ಭಾನುವಾರ ನಾನು ನೋಟ್‌ಬುಕ್‌ನ ಎಡಪುಟ ಬಿಟ್ಟು ಕದಲಲಿಲ್ಲ. ಡೆಟ್ರಾಯಿಟ್, ಹ್ಯೂಸ್ಟನ್ ಎರಡೂ 87-75ರಲ್ಲಿ ಮುಗಿಸಿದವು. ಪರಸ್ಪರ ಆಡಿದ ಮ್ಯಾಚ್‌ಗಳ ಲೆಕ್ಕದಲ್ಲಿ ಡೆಟ್ರಾಯಿಟ್ ವೈಲ್ಡ್ ಕಾರ್ಡ್‌ನಲ್ಲಿ ಒಳಗೆ, ಹ್ಯೂಸ್ಟನ್ ಹೊರಗೆ. ಒಂದು ಹಂತದಲ್ಲಿ ಹದಿನೈದೂವರೆ ಮ್ಯಾಚ್ ಹಿಂದಿದ್ದ ಕ್ಲೀವ್‌ಲ್ಯಾಂಡ್ ಡೆಟ್ರಾಯಿಟನ್ನು ಹಿಂದೆ ಹಾಕಿ ತಮ್ಮ ಡಿವಿಷನ್ ಗೆದ್ದಿತು. ನಮ್ಮ ಟೀಮ್ ಸೋತ ದಿನವೂ ಇಷ್ಟೆಲ್ಲ ನಡೆಯುತ್ತದೆ.

ಅಕ್ಟೋಬರ್‌ನ ಮ್ಯಾಚ್‌ಗಳು ದಿನಾ ಇರುವುದಿಲ್ಲ, ಆದರೆ ಇದ್ದ ದಿನ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ. 10ನೇ ತಾರೀಖು ಡೆಟ್ರಾಯಿಟ್ ಜೊತೆಗಿನ ಐದನೇ ಮ್ಯಾಚ್ ಸಂಜೆ ಐದಕ್ಕೆ ಶುರುವಾಗಿ ರಾತ್ರಿ ಹತ್ತಕ್ಕೆ ಮುಗಿಯಿತು. 15 ಇನಿಂಗ್ಸ್. ಮಾಮೂಲಿ ಸೀಸನ್‌ನಲ್ಲಿ ಹತ್ತನೇ ಇನಿಂಗ್ಸ್‌ನಿಂದ ಸೆಕೆಂಡ್ ಬೇಸ್‌ನಲ್ಲಿ ಒಬ್ಬನನ್ನು ಪುಕ್ಕಟೆ ನಿಲ್ಲಿಸುತ್ತಾರೆ, ಬೇಗ ಮುಗಿಯಲಿ ಅಂತ. ಪ್ಲೇಆಫ್‌ನಲ್ಲಿ ಅದಿಲ್ಲ. ನನ್ನ ಬುಲ್‌ಪೆನ್ ಪಟ್ಟಿಯ ಹೆಸರು ಮುಗಿದು, ಶುರುವಿನ ಪಿಚರ್‌ಗಳಾದ ಲೋಗನ್ ಗಿಲ್ಬರ್ಟ್, ಲೂಯಿಸ್ ಕಾಸ್ಟಿಯೊ ಕೂಡ ಬಂದು ಎಸೆದರು. ಕೊನೆಗೆ ಹೋರ್ಹೆ ಪೊಲಾಂಕೊ ಹೊಡೆದ ಸಿಂಗಲ್‌ಗೆ ನಮ್ಮ ಕ್ರಾಫರ್ಡ್ ಓಡಿ ಬಂದು ಗೆಲುವಿನ ರನ್ ತಂದ. 3-2.

ಟೊರಾಂಟೊ ಬ್ಲೂ ಜೇಸ್ ಜೊತೆಗಿನ ಸರಣಿ ಏಳನೇ ಮ್ಯಾಚ್‌ಗೆ ಹೋಯಿತು. ಅದನ್ನು ಗೆದ್ದಿದ್ದರೆ ವರ್ಲ್ಡ್ ಸೀರೀಸ್, ಅಂದರೆ ಫೈನಲ್. ಇರುವ 30 ಟೀಮ್‌ಗಳಲ್ಲಿ ಅದನ್ನು ಒಮ್ಮೆಯೂ ಆಡದ ಟೀಮ್ ಮ್ಯಾರಿನರ್ಸ್ ಒಂದೇ, ಅದೂ 1977ರಿಂದ. ಆರು ಇನಿಂಗ್ಸ್ ಆದಾಗ ನಾವು 3-1ರಲ್ಲಿ ಮುಂದಿದ್ದೆವು. ಏಳರಲ್ಲಿ ಟೊರಾಂಟೊದ ಇಬ್ಬರು ಬೇಸ್ ಮೇಲೆ, ಒಬ್ಬ ಔಟ್. ವಿಲ್ಸನ್ ಕರೆದದ್ದು ಎಡ್ವರ್ಡ್ ಬಜಾರ್ಡೊನನ್ನು. ಜಾರ್ಜ್ ಸ್ಪ್ರಿಂಗರ್ ಮೂರು ರನ್ನಿನ ಹೋಮ್ ರನ್ ಹೊಡೆದ. 4-3ರಲ್ಲಿ ಸೋತೆವು.

ಈ ತೀರ್ಮಾನದ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ವಾದ ನಡೆಯುತ್ತಿದೆ. ನಮ್ಮ ಯಜಮಾನರು ವಿಲ್ಸನ್ ಕಡೆ. ವರ್ಷವಿಡೀ ಇಂಥ ಇಕ್ಕಟ್ಟಿನಲ್ಲಿ ಬಂದು ಕಾಪಾಡಿದವನು ಬಜಾರ್ಡೊ, ನಿನ್ನ ಪಟ್ಟಿಯಲ್ಲೇ ಅವನ ಹೆಸರು ಜಾಸ್ತಿ ಇದೆ ನೋಡು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಬುಲ್‌ಪೆನ್‌ನ ಅತ್ಯುತ್ತಮ ಪಿಚರ್ ಆಂಡ್ರೆಸ್ ಮುನ್ಯೋಜ್. ಅವನನ್ನು ಒಂಬತ್ತನೇ ಇನಿಂಗ್ಸ್‌ಗೆ ಅಂತ ಎತ್ತಿಡುವುದು ಜೂನ್‌ಗೆ ಸರಿ, ಏಳನೇ ಮ್ಯಾಚ್‌ಗೆ ಅಲ್ಲ. ಮಾರನೇ ದಿನ ಮ್ಯಾಚ್ ಇರಲಿಲ್ಲ. ಪಂದ್ಯದ ಅತಿ ಕಷ್ಟದ ಗಳಿಗೆ ಬಂದಿದ್ದು ಏಳನೇ ಇನಿಂಗ್ಸ್‌ನಲ್ಲಿ, ಸ್ಪ್ರಿಂಗರ್ ಬ್ಯಾಟ್ ಹಿಡಿದು ನಿಂತಾಗ. ಮುನ್ಯೋಜ್ ಬರಬೇಕಾಗಿದ್ದು ಆಗಲೇ. ಅಮ್ಮ ಹಾಸನಕ್ಕೆ ವಾಪಸ್ ಹೋದ ಮೇಲೂ ಫೋನಿನಲ್ಲಿ ನನ್ನ ಪರವಾಗಿಯೇ ವಾದ ಮಾಡುತ್ತಾರೆ.